ನಾಲ್ಕೂವರೆ ಗಂಟೆಯ ದಾರಿ

“ಇನ್ನೊಂದು ತೂತು ಬಿಗಿ,” ಎಂದಳು ಅತ್ತೆ.

“ಉಸಿರು ಕಟ್ಟುತ್ತೆ ಅಜ್ಜಿ.”

“ಕಟ್ಟಿದ್ರೆ ನಂದು ತಾನೆ ಕಟ್ಟೋದು? ಬಿಗಿ ಅಂದ್ರೆ ಬಿಗಿ.”

ಚೂಟಿ ಅಪ್ಪನ ಹಳೆಯ ಬೆಲ್ಟನ್ನು ಅಜ್ಜಿಯ ಹೊಟ್ಟೆಯ ಮೇಲಿಂದ ಕುರ್ಚಿಯ ಬೆನ್ನಿಗೆ ಸುತ್ತಿ, ಒಂದು ಕಾಲನ್ನು ಕುರ್ಚಿಗೆ ಒತ್ತಿ, ಹಲ್ಲು ಕಚ್ಚಿ ಎಳೆದಳು. ಒಣಗಿದ ಬೆಡ್‌ಶೀಟುಗಳ ಬುಟ್ಟಿ ಹೊತ್ತು ಹಿತ್ತಿಲಿನಿಂದ ಬಂದ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಮುಂದಿನ ಕೋಣೆಯ ನಟ್ಟನಡುವೆ ಕುರ್ಚಿ, ಕುರ್ಚಿಗೆ ಕಟ್ಟಿಸಿಕೊಂಡ ಅತ್ತೆ. ಪಕ್ಕದಲ್ಲಿ ಇಸ್ತ್ರಿಯ ಮೇಜು, ಅದರ ಮೇಲೆ ಲಾಡ್ಜಿನವರ ದಿಂಬಿನ ಕವರುಗಳ ಗುಡ್ಡ. ಇಸ್ತ್ರಿಪೆಟ್ಟಿಗೆ ಕಾದು ಕಾದು ತನ್ನಷ್ಟಕ್ಕೆ ಟಿಕ್ ಟಿಕ್ ಎನ್ನುತ್ತಿತ್ತು.

“ಏನಿದು ಅತ್ತೆ?”

“ವಿಮಾನ,” ಎಂದಳು ಚೂಟಿ. “ಅಮ್ಮಾ, ನೀನು ರೆಕ್ಕೆ ಮೇಲೆ ನಿಂತಿದ್ದೀಯ. ಆ ಕಡೆ ಹೋಗು.”

“ರೆಕ್ಕೆಗೆ ಬೆಂಕಿ ಬಿತ್ತು! ಲಾಡ್ಜಿನವನು ಸಂಜೆ ಬಂದು ನಿಂತರೆ ಏನು ಕೊಡ್ಲಿ?”

“ನೀನಿದ್ದೀಯಲ್ಲ,” ಎಂದಳು ಅತ್ತೆ, ಕಣ್ಣು ಮುಚ್ಚಿಕೊಂಡೇ. “ನಾನು ಹೊರಟಾಯ್ತು.”

ಅತ್ತೆ ಕೂತದ್ದನ್ನು ಆ ಬೀದಿಯಲ್ಲಿ ಯಾರೂ ಕಂಡವರಿರಲಿಲ್ಲ. ಬೆಳಗಾದರೆ ಮೇಜಿನ ಹಿಂದೆ ನಿಂತಳು ಎಂದರೆ ದೀಪ ಹಚ್ಚುವವರೆಗೂ ನಿಂತೇ ಇರುತ್ತಿದ್ದಳು. ಡಾಕ್ಟರ ಬಿಳಿ ಕೋಟು, ಶಾಲೆಯ ಯೂನಿಫಾರ್ಮು, ಲಾಡ್ಜಿನ ಹಾಸು ಹೊದಿಕೆ, ಎಲ್ಲ ಅವಳ ಕೈಯಡಿ ಹಾದುಹೋಗುತ್ತಿದ್ದವು. ಊಟವೂ ಅಡುಗೆಕಟ್ಟೆಯ ಹತ್ತಿರ, ತಟ್ಟೆ ಕೈಯಲ್ಲಿ ಹಿಡಿದು, ನಿಂತೇ. ನೆಂಟರು “ಕೂತ್ಕೊಳ್ಳಿ” ಎಂದರೆ “ನೀವು ಕೂತ್ಕೊಳ್ಳಿ, ನಾನು ನೋಡ್ತೀನಿ” ಎನ್ನುವಳು. ಶೋಕಿಯಲ್ಲ ಅದು. ಅರ್ಧ ಗಂಟೆ ಕೂತರೆ ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಯಾರೋ ತಂತಿ ಎಳೆದ ಹಾಗೆ ಸೆಳೆತ ಹಿಡಿಯುತ್ತಿತ್ತು. ಆಮೇಲೆ ಇಬ್ಬರು ಕಂಕುಳಿಗೆ ಕೈಕೊಟ್ಟು ಎತ್ತಬೇಕು. ಎತ್ತಿಸಿಕೊಳ್ಳುವುದಕ್ಕಿಂತ ನಿಲ್ಲುವುದೇ ಲೇಸೆಂದು ಅವಳು ಎಷ್ಟೋ ವರ್ಷದ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಳು.

ಈಗ ಅಂಥವಳನ್ನು ಕೂರುವ ಹಾಗೆ ಮಾಡಿದ್ದು ಒಂದು ವಿಮಾನದ ಟಿಕೆಟ್ಟು. ಕಳಿಸಿದವನು ಅವಳ ಅಕ್ಕನ ಮಗ. ಅಕ್ಕ ಎಂದರೆ ಬರೀ ಅಕ್ಕನಲ್ಲ. ತಾಯಿ ಸತ್ತ ಮೇಲೆ ಇವಳನ್ನು ಸಾಕಿದವಳು, ಮೇಜು ಎಟುಕದ ವಯಸ್ಸಿನಲ್ಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ನಿಲ್ಲಿಸಿ ಇಸ್ತ್ರಿ ಕಲಿಸಿದವಳು. ಕೆಲವು ವರ್ಷಗಳಿಂದ ಮಗನ ಜೊತೆ ಸಮುದ್ರದಾಚೆಯ ಒಂದು ಊರಿನಲ್ಲಿದ್ದಳು. ಕಿವಿ ಪೂರ್ತಿ ಹೋಗಿತ್ತು. ಫೋನನ್ನು ಕೈಗೆ ಕೊಟ್ಟರೆ ತಿರುಗಿಸಿ ಅದರ ಬೆನ್ನು ನೋಡುತ್ತಿದ್ದಳಂತೆ. ಪರದೆಯ ಮೇಲೆ ತಂಗಿಯ ಮುಖ ತೋರಿಸಿದರೆ “ಯಾಕೆ ಇಷ್ಟು ಚಿಕ್ಕವಳಾದಳು? ಊಟ ಹಾಕಲ್ವಾ ಅವಳಿಗೆ?” ಎಂದು ಮಗನಿಗೇ ಬೈದಳಂತೆ.

ಟಿಕೆಟ್ಟು ಬಂದ ದಿನ ಊಟದ ಹೊತ್ತಿಗೆ ಸೊಸೆಯ ಗಂಡ ಅದನ್ನು ಓದಿ ಹೇಳಿದ್ದ. ಅವನು ಬಸ್ಸಿನ ಡ್ರೈವರ್. ದಿನಾ ಬಂದರಿನ ಊರಿಗೆ ಹೋಗಿ ಬರುವ ಗಾಡಿ ಅವನದು. ಸಮಯದ ವಿಷಯ ಬಂದರೆ ಆ ಮನೆಯಲ್ಲಿ ಅವನ ಮಾತೇ ಕೊನೆ.

“ಬೆಳಗ್ಗೆ ಒಂಬತ್ತಕ್ಕೆ ಬಿಡುತ್ತೆ. ಮಧ್ಯಾಹ್ನ ಒಂದೂವರೆಗೆ ಅಲ್ಲಿ. ನಾಲ್ಕೂವರೆ ಗಂಟೆ! ಸಮುದ್ರ ದಾಟೋಕೆ ನನ್ನ ಒಂದು ಟ್ರಿಪ್ಪಿನಷ್ಟೂ ಹೊತ್ತು ಬೇಡ ನೋಡು.”

“ಬರೋದು?” ಎಂದಿದ್ದಳು ಸೊಸೆ.

ಅವನು ಕಾಗದ ತಿರುವಿ ಹುಬ್ಬು ಗಂಟಿಕ್ಕಿದ್ದ. “ಮೂರಕ್ಕೆ ಬಿಟ್ಟು ಮಾರನೇ ದಿನ ಹನ್ನೊಂದಕ್ಕೆ ಇಲ್ಲಿ.”

“ಅಷ್ಟೊಂದಾ? ಹೋಗೋವಾಗ ಬೇಗ, ಬರೋವಾಗ ತಡ?”

“ರಾತ್ರಿ ಹಾಲ್ಟ್ ಇರುತ್ತೆ ಕಣೇ. ನಮಗಿಲ್ವಾ? ಎಲ್ಲೋ ಡಿಪೋದಲ್ಲಿ ನಿಲ್ಲಿಸಿ ಮಲಗಿ ಬರ್ತಾರೆ. ಪೈಲಟ್ಟೂ ಮನುಷ್ಯ ತಾನೆ?”

ಯಾರಿಗೂ ಅನುಮಾನ ಬರಲಿಲ್ಲ. ಹಾಲ್ಟಿನಲ್ಲಿ ಹೊದೆಯಲು ಒಂದು ಕಂಬಳಿ ಇಟ್ಟುಕೊಳ್ಳಬೇಕೆಂದೂ ಅಲ್ಲೇ ತೀರ್ಮಾನವಾಯಿತು. ಆಮೇಲೆ ಗಂಡ ತಟ್ಟೆ ಸರಿಸಿ, “ಆದ್ರೆ ಅಮ್ಮ, ಅರ್ಧ ಗಂಟೆ ಕೂರೋಕಾಗಲ್ಲ ನಿನಗೆ. ಹೆಂಗೆ ಹೋಗ್ತೀಯ?” ಎಂದ.

“ಕೂರೋದು ಕಲಿತರೆ?”

“ಈ ವಯಸ್ಸಲ್ಲಿ ಕೂರೋದು ಕಲಿಯೋದಾ!”

“ನೀನು ಹುಟ್ಟಿ ವರ್ಷ ತುಂಬೋದ್ರೊಳಗೆ ಕಲಿತೆ. ನಾನು ನಿನಗಿಂತ ಚುರುಕು.”

ಹೀಗೆ ವಿಮಾನ ಮುಂದಿನ ಕೋಣೆಗೆ ಬಂದು ಇಳಿದಿತ್ತು.

ಮೊದಲ ವಾರ ಸೊಸೆಯ ಪಾಲಿಗೆ ನರಕ. ಅತ್ತೆ ಕೂತರೆ ಮೇಜಿನ ಹಿಂದೆ ನಿಲ್ಲುವವರು ಬೇರೆ ಯಾರೂ ಇರಲಿಲ್ಲ. ಬೆಳಗ್ಗೆ ಗಂಡನಿಗೆ ಬುತ್ತಿ, ಚೂಟಿಗೆ ಜಡೆ, ಬಟ್ಟೆ ಒಗೆಯುವುದು, ಹರವುವುದು, ಆಮೇಲೆ ಇಸ್ತ್ರಿ. ಸಾಲದ್ದಕ್ಕೆ ಕುರ್ಚಿಯಿಂದ ಆಕಾಶವಾಣಿ ಬೇರೆ.

“ಆ ಕೋಟಿನ ತೋಳಿಗೆ ಎರಡು ಗೀಟು ಬಿತ್ತು.”

“ವಿಮಾನದಿಂದ ಕಾಣುತ್ತಾ ಅತ್ತೆ?”

“ಕಿಟಕಿ ಪಕ್ಕದ ಸೀಟು.”

ಚೂಟಿ ಶಾಲೆಯಿಂದ ಬಂದವಳೇ ಗಗನಸಖಿಯಾಗುತ್ತಿದ್ದಳು. ಕುತ್ತಿಗೆಗೆ ಅಮ್ಮನ ಕರವಸ್ತ್ರ ಕಟ್ಟಿಕೊಂಡು, ಲೋಟದಲ್ಲಿ ನೀರು ತಂದು, ಬಗ್ಗಿ ಕೊಟ್ಟು, ಅಜ್ಜಿ ಕುಡಿಯುವಷ್ಟರಲ್ಲಿ ಲೋಟ ಕಿತ್ತುಕೊಂಡು ಓಡುತ್ತಿದ್ದಳು. “ಬೇರೆಯವರಿಗೂ ಕೊಡಬೇಕು ಅಜ್ಜಿ, ವಿಮಾನ ನಿನ್ನೊಬ್ಬಳದ್ದಾ?”

ಒಂದು ಮಧ್ಯಾಹ್ನ ಸೊಸೆಯ ಮಣಿಕಟ್ಟು ಇಸ್ತ್ರಿಯ ಅಂಚಿಗೆ ತಾಗಿ ಸುಟ್ಟಿತು. ನೀರಿಗೆ ಕೈ ಅದ್ದಿ ನಿಂತವಳಿಗೆ ಅಷ್ಟು ದಿನ ಬಾಯಲ್ಲಿ ಕಟ್ಟಿಕೊಂಡಿದ್ದ ಮಾತು ಒಮ್ಮೆಗೇ ಹೊರಬಿತ್ತು.

“ನೀವು ಕೂತಿದ್ದೀರಿ, ನಾನು ಇಬ್ಬರ ಪಾಲು ನಿಂತಿದ್ದೀನಿ! ಅಕ್ಕ ನಿಮಗೆ. ಕಾಲು ಬಿದ್ದು ಹೋಗ್ತಿರೋದು ನಂದು!”

ಅತ್ತೆ ಬೆಲ್ಟು ಬಿಚ್ಚಿ, ಮೇಜಿನ ಅಂಚು ಹಿಡಿದು, ಎರಡು ಸಲ ಎದ್ದು ಎರಡು ಸಲ ಕೂತು, ಮೂರನೆಯ ಸಲ ನಿಂತಳು. ಎಡಗಾಲನ್ನು ಎಳೆಯುತ್ತ ಬಂದು ಇಸ್ತ್ರಿಪೆಟ್ಟಿಗೆ ಕೈಗೆ ತಗೊಂಡಳು. ಸಂಜೆಯವರೆಗೂ ಅತ್ತೆ ಸೊಸೆ ಮಾತಾಡಲಿಲ್ಲ. ಊಟಕ್ಕೆ ಅನ್ನ ಬಡಿಸುವಾಗ ಸೌಟು ಪಾತ್ರೆಗೆ ಬಡಿದ ಸದ್ದೇ ಮಾತು.

“ಏನಾಗಿದೆ ಇಬ್ಬರಿಗೂ?” ಎಂದ ಗಂಡ.

“ಹವಾಮಾನ ಸರಿ ಇಲ್ಲ ಅಪ್ಪ,” ಎಂದಳು ಚೂಟಿ. “ವಿಮಾನ ಇವತ್ತು ಬೇಗ ಇಳೀತು.”

ಮಾರನೆಯ ಬೆಳಗ್ಗೆ ಸೊಸೆ ಎದ್ದು ಬಂದಾಗ ಡಾಕ್ಟರ ಕೋಟುಗಳೆಲ್ಲ ತೂಗುಹಾಕಿಯಾಗಿತ್ತು. ಒಂದರ ಪಕ್ಕ ಒಂದು, ತೋಳಿಗೊಂದೇ ಗೀಟು. ಅತ್ತೆ ಕತ್ತಲಿರುವಾಗಲೇ ಎದ್ದು ತನ್ನ ಪಾಲಿನದನ್ನು ಮುಗಿಸಿಬಿಟ್ಟಿದ್ದಳು. “ಬೆಳಗಿನದು ನಂದು, ಮಧ್ಯಾಹ್ನದ್ದು ನಿಂದು,” ಎಂದಳು, ಮುಖ ನೋಡದೆ. “ಕೈಗೆ ಏನಾದ್ರೂ ಹಚ್ಚಿದೆಯಾ?”

“ಹಚ್ಚಿದೆ.”

“ಸರಿ. ಬೆಲ್ಟು ಕಟ್ಟು.”

ಅವತ್ತಿನಿಂದ ಸೊಸೆಯೇ ಬೆಲ್ಟು ಕಟ್ಟತೊಡಗಿದಳು. ಹತ್ತಿರ ನಿಂತು ನೋಡಿದಾಗಲೇ ಅವಳಿಗೆ ತಿಳಿದದ್ದು, ಕೂರುವುದೂ ಒಂದು ದುಡಿಮೆಯೆಂದು. ಸೆಳೆತ ಶುರುವಾದ ಕೂಡಲೇ ಅತ್ತೆಯ ಮೇಲ್ದುಟಿಯ ಮೇಲೆ ಬೆವರಿನ ಸಾಲು ಮೂಡುತ್ತಿತ್ತು. ಬೆರಳುಗಳು ಕುರ್ಚಿಯ ಕೈಯನ್ನು ಹಿಡಿದು ಹಿಡಿದು ಬಿಡುತ್ತಿದ್ದವು. ಆದರೂ ಬಾಯಿಂದ ಒಂದು ‘ಅಮ್ಮಾ’ ಇಲ್ಲ. ಆಸ್ಪತ್ರೆಯ ಡಾಕ್ಟರು ಕೋಟು ಒಯ್ಯಲು ಬಂದಾಗ ವಿಷಯ ಕೇಳಿ ನಕ್ಕು, ಆಮೇಲೆ ನಗು ನಿಲ್ಲಿಸಿ, “ಗಂಟೆಗೊಂದು ಸಲ ಎದ್ದು ನಾಲ್ಕು ಹೆಜ್ಜೆ ಹಾಕಿ ಬನ್ನಿ, ವಿಮಾನದಲ್ಲೂ ಬಿಡ್ತಾರೆ,” ಎಂದು ಹೇಳಿ, ಅದನ್ನೇ ಒಂದು ಚೀಟಿಯಲ್ಲೂ ಬರೆದುಕೊಟ್ಟು ಹೋದರು. ಅತ್ತೆ ಅದನ್ನು ವ್ರತದಂತೆ ಹಿಡಿದಳು. ಹಿತ್ತಿಲ ಬಾಗಿಲವರೆಗೆ ಗೋಡೆ ಸವರಿಕೊಂಡು ಹೋಗುವುದು, ಮುಖಕ್ಕೆ ನೀರು ಹಾಕಿಕೊಳ್ಳುವುದು, ಬಂದು ಮತ್ತೆ ಕೂರುವುದು. ಯಾರೂ ಬಾ ಎನ್ನದೆ ತಾನಾಗಿಯೇ ಆ ನೋವಿಗೆ ಮರಳಿ ಬಂದು ಕೂರುವುದನ್ನು ನೋಡುತ್ತ ಸೊಸೆ ಒಂದೊಂದು ಸಲ ಕೈಯಲ್ಲಿದ್ದ ಬಟ್ಟೆಯನ್ನೇ ಮರೆಯುತ್ತಿದ್ದಳು.

ಕೆಲವು ವಾರಗಳಲ್ಲಿ ಅರ್ಧ ಗಂಟೆ ಎರಡು ಗಂಟೆಯಾಯಿತು, ಎರಡು ಮೂರಾಯಿತು. ನಾಲ್ಕೂವರೆ ಗಂಟೆ ಮುಟ್ಟಿದ ದಿನ ಚೂಟಿ ಬೀದಿಗೆ ಓಡಿ “ಇಳೀತು! ಇಳೀತು!” ಎಂದು ಕೂಗಿ ಬಂದಳು. ಸೊಸೆ ಎಲ್ಲರಿಗೂ ಮೊಟ್ಟೆ ಬೇಯಿಸಿದಳು. ಗಂಡ ತನ್ನ ಮೊಟ್ಟೆಯನ್ನೂ ತಾಯಿಯ ತಟ್ಟೆಗೆ ಹಾಕಿ, “ನನ್ನ ಬಸ್ಸಲ್ಲೇ ಜನ ಇಷ್ಟು ಹೊತ್ತು ಕೂರೋಕೆ ಗೊಣಗ್ತಾರೆ,” ಎಂದ. ಅತ್ತೆ ಅದನ್ನೂ ನಿಂತೇ ತಿಂದಳು. “ಇವತ್ತಿನ ಕೂರೋದು ಮುಗೀತು,” ಎಂದಳು.

ಅದಾದ ಮೂರನೆಯದೋ ನಾಲ್ಕನೆಯದೋ ಮಧ್ಯಾಹ್ನ. ಚೂಟಿ ಶಾಲೆಯಲ್ಲಿ, ಅತ್ತೆ ಅಂಗಡಿಗೆ ಗುಂಡಿ ದಾರ ತರಲು ಹೋಗಿದ್ದಳು. ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಯಾರಿಗೆ ತೋರಿಸಬೇಕೆಂದು ಕೇಳಲು ಸೊಸೆ ಆ ದೂರದ ಊರಿಗೆ ಫೋನು ಮಾಡಿದಳು. ಯಾವಾಗಲೂ ಅವರೇ ಮಾಡುತ್ತಿದ್ದರು, ಅದೂ ರಾತ್ರಿ ಊಟದ ಹೊತ್ತಿಗೆ. “ಊಟ ಆಯ್ತಾ?” ಎಂದು ಅವರು ಕೇಳುವುದು, “ಮಾಡ್ತಾ ಇದ್ದೀವಿ, ನಿಮ್ದು?” ಎನ್ನುವುದು, “ನಮ್ದೂ ಅದೇ” ಎನ್ನುವುದು. ಗಡಿಯಾರದ ಮಾತು ಬಂದದ್ದೇ ಇಲ್ಲ. ಈ ಸಲ ಮೂರು ಗಂಟೆಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಆ ಕಡೆಯಿಂದ ಟಿಕೆಟ್ಟು ಕಳಿಸಿದ ಭಾವನ ದನಿ ನಿದ್ದೆಗಣ್ಣಿನಲ್ಲಿ ಬಂತು.

“ಏನಮ್ಮ ಇಷ್ಟು ಬೆಳಗ್ಗೆ? ಎಲ್ಲ ಕ್ಷೇಮ ತಾನೆ? ಇನ್ನೂ ಹಲ್ಲೂ ಉಜ್ಜಿಲ್ಲ ನಾನು.”

ಸೊಸೆ ಬಿಸಿಲು ನೋಡಿದಳು. ಗೋಡೆಯ ಗಡಿಯಾರ ನೋಡಿದಳು.

“ಭಾವ, ಅಲ್ಲಿ ಈಗ ಎಷ್ಟು ಗಂಟೆ?”

“ಏಳು.”

“ಬೆಳಗ್ಗೆ ಏಳಾ?... ಭಾವ, ವಿಮಾನ ಬರೋಕೆ ಎಷ್ಟು ಹೊತ್ತು?”

“ಹನ್ನೆರಡೂವರೆ ಗಂಟೆ. ಯಾಕೆ?”

“ಒಂಬತ್ತಕ್ಕೆ ಬಿಟ್ಟು ಒಂದೂವರೆಗೆ ಅಂತ ಬರೆದಿದೆಯಲ್ಲ?”

“ಒಂಬತ್ತು ನಿಮ್ಮ ಗಡಿಯಾರದ್ದು, ಒಂದೂವರೆ ನಮ್ಮ ಗಡಿಯಾರದ್ದು ತಾಯಿ! ನಾವು ನಿಮಗಿಂತ ಎಂಟು ಗಂಟೆ ಹಿಂದಿದ್ದೀವಿ. ಇಷ್ಟು ದೂರ ನಾಲ್ಕೂವರೆ ಗಂಟೇಲಿ ಬರೋಕೆ ಅದೇನು ಬಂದೂಕಿನ ಗುಂಡಾ?” ಅವನು ನಕ್ಕ. ಆಮೇಲೆ ಹೇಳಿದ, “ಅಮ್ಮನಿಗೆ ಕೈಸನ್ನೆಯಲ್ಲಿ ಹೇಳಿದ್ದೀವಿ, ತಂಗಿ ಬರ್ತಾಳೆ ಅಂತ. ದಿನಾ ಬೆಳಗ್ಗೆ ಸೀರೆ ಬದಲಾಯಿಸಿ ಬಾಗಿಲ ಹತ್ತಿರ ಕೂರ್ತಾಳೆ. ಇವತ್ತಲ್ಲ ಅಂದ್ರೆ ಕೇಳೋಲ್ಲ.”

ಸೊಸೆ ಫೋನಿಟ್ಟಾಗ ಸುಟ್ಟ ವಾಸನೆ. ದಿಂಬಿನ ಕವರಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಕಲೆ ಮೂಡಿತ್ತು.

ಎರಡು ದಿನ ಅವಳು ಬಾಯಿ ಬಿಡಲಿಲ್ಲ. ಹೇಳಿದರೆ ಅತ್ತೆಯ ಆಸೆ ಅಲ್ಲಿಗೇ ಮುರಿಯಬಹುದು. ಮುರಿದರೆ ಮೇಜಿನ ಹಿಂದೆ ಮತ್ತೆ ಎರಡು ಜೊತೆ ಕೈ, ಮನೆಯಲ್ಲಿ ಮೊದಲಿನ ನೆಮ್ಮದಿ. ಆ ನೆಮ್ಮದಿ ತನಗೆ ಬೇಕಾಗಿತ್ತೆನ್ನುವುದೇ ಅವಳ ನಾಲಿಗೆಯನ್ನು ಹಿಡಿದಿತ್ತು. ಹೇಳದಿದ್ದರೆ ಅತ್ತೆ ವಿಮಾನ ಹತ್ತುತ್ತಾಳೆ, ನಾಲ್ಕೂವರೆ ಗಂಟೆಗೆ ಇಳಿಯಲು ಸಿದ್ಧವಾಗುತ್ತಾಳೆ, ಆಮೇಲೆ? ಎರಡು ದಿನವೂ ಬೆಲ್ಟು ಕಟ್ಟುವಾಗ ಅವಳ ಕೈ ತಡೆಯಿತು. “ಏನು, ತೂತು ಸಿಗ್ತಿಲ್ವಾ?” ಎಂದಳು ಅತ್ತೆ.

ಮೂರನೆಯ ದಿನ ಇಬ್ಬರೂ ಒಂದು ಬೆಡ್‌ಶೀಟಿನ ಎರಡೆರಡು ಮೂಲೆ ಹಿಡಿದು, ಕೋಣೆಯ ಆ ತುದಿಗೊಬ್ಬಳು ಈ ತುದಿಗೊಬ್ಬಳು ನಿಂತು ಒದರುತ್ತಿದ್ದರು.

“ಅತ್ತೆ, ದಾರಿ ನಾಲ್ಕೂವರೆ ಗಂಟೆಯದ್ದಲ್ಲ.”

“ಮತ್ತೆ?”

“ಹನ್ನೆರಡೂವರೆ.” ಭಾವ ಹೇಳಿದ್ದನ್ನೆಲ್ಲ ಅವಳು ಹೇಳಿದಳು. ಅಲ್ಲಿ ಬೆಳಗಾಗುವಾಗ ಇಲ್ಲಿ ಮಧ್ಯಾಹ್ನ, ಕಾಗದದಲ್ಲಿದ್ದದ್ದು ಎರಡು ಬೇರೆ ಬೇರೆ ಗಡಿಯಾರ.

ಬೆಡ್‌ಶೀಟು ನಡುವೆ ಜೋತು ನೆಲ ಮುಟ್ಟಿತು.

“ರಾತ್ರಿ ಹಾಲ್ಟು?”

“ಇಲ್ಲ ಅತ್ತೆ.”

“ಡಿಪೋ?”

“ಅದೂ ಇಲ್ಲ. ಹೋಗೋದೂ ಬರೋದೂ ಹೆಚ್ಚುಕಮ್ಮಿ ಒಂದೇ.”

ಅತ್ತೆ ಕೈಯಲ್ಲಿದ್ದ ಮೂಲೆಗಳನ್ನು ನೋಡಿದಳು. “ಎತ್ತಿ ಹಿಡಿ, ಮಣ್ಣಾಗುತ್ತೆ,” ಎಂದಳು. ಇಬ್ಬರೂ ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಿದರು, ಹಿಂದೆ ಸರಿದರು, ಮತ್ತೆ ಹತ್ತಿರ ಬಂದರು. ಮಡಿಚಿದ್ದನ್ನು ಮೇಜಿನ ಮೇಲಿಟ್ಟ ಮೇಲೆ ಅತ್ತೆಯ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಸೊಸೆ ಹೆದರಿದಳು. ಅಲ್ಲ, ನಗು.

“ಇವನ ಗಾಡೀಲಿ ಜನ ಸರಿಯಾದ ಊರಲ್ಲಿ ಇಳೀತಾರಾ ಅಂತ!”

ಸಂಜೆ ಊಟಕ್ಕೆ ಕೂತ ಗಂಡನಿಗೆ ನಗು ಬರಲಿಲ್ಲ. ಕಾಗದ ತಂದು ನೋಡಿದ, ಬೆಳಕಿಗೆ ಹಿಡಿದು ನೋಡಿದ, ಕಿವಿ ಕೆಂಪಾಯಿತು.

“ಹಂಗಾದ್ರೆ ಮುಗೀತು. ನಾಳೆ ಅಣ್ಣನಿಗೆ ಫೋನು ಮಾಡ್ತೀನಿ, ಟಿಕೆಟ್ಟು ಬೇಡ ಅಂತ.”

“ಗಡಿಯಾರ ನೋಡೋದು ತಪ್ಪಿದ್ದು ನೀನು. ಹೋಗೋದು ತಪ್ಪಬೇಕಾದ್ದು ನಂದಾ?”

“ಅಮ್ಮ, ಆಟ ಅಲ್ಲ ಇದು!” ಅವನು ತಟ್ಟೆಯ ಅನ್ನ ಕಲಸುವುದನ್ನು ನಿಲ್ಲಿಸಿದ. “ಹೋದ ವರ್ಷ ನನ್ನ ಗಾಡೀಲಿ ಒಬ್ಬರು ಹೆಂಗಸು. ನಿನ್ನ ವಯಸ್ಸೇ. ಕೊನೇ ಸ್ಟಾಪಿನಲ್ಲಿ ಎಲ್ಲ ಇಳಿದ್ರು, ಅವರು ಇಳೀಲಿಲ್ಲ. ಹೋಗಿ ನೋಡಿದ್ರೆ ಕಾಲು ಇಷ್ಟು ದಪ್ಪ. ಏಳೋಕಾಗ್ತಿಲ್ಲ. ‘ಯಾರಿಗೂ ತೊಂದರೆ ಕೊಡಬಾರ್ದು ಅಂತ ಸುಮ್ನೆ ಕೂತಿದ್ದೆ ಮಗ’ ಅಂದ್ರು. ನಾನೂ ಕಂಡಕ್ಟರೂ ಸೇರಿ ಎತ್ತಿ ಇಳಿಸಿದ್ವಿ. ನೀನೂ ಹಂಗೇ. ಬಾಯಿ ಬಿಡೋಳಲ್ಲ. ಅಲ್ಲಿ ಆಕಾಶದಲ್ಲಿ ನಿನ್ನ ಯಾರು ಎತ್ತುತ್ತಾರೆ?”

ಅತ್ತೆ ಅವನ ತಟ್ಟೆಗೆ ಸಾರು ಹಾಕಿದಳು.

“ಅದನ್ನ ಇಷ್ಟು ದಿನ ಹೇಳಲೇ ಇಲ್ಲ ನೀನು,” ಎಂದಳು ಅತ್ತೆ, ಈ ಸಲ ಮೆತ್ತಗೆ.

“ಏನಂತ ಹೇಳ್ಲಿ.”

“ಹನ್ನೆರಡೂವರೆ ಗಂಟೆ ಇಲ್ಲೇ ಕೂತು ತೋರಿಸಿದ್ರೆ?”

“ತೋರಿಸು ನೋಡೋಣ!” ಅವನಿಗೆ ಮತ್ತೆ ಸಿಟ್ಟು ಬಂತು. “ಒಂದು ನಿಮಿಷ ಕಡಿಮೆಯಾದ್ರೂ ಅಣ್ಣನಿಗೆ ಫೋನು. ಆಮೇಲೆ ಅಳಬಾರ್ದು.”

“ಅಳೋದು ನಿನ್ನ ಕಡೆಯೋರ ಅಭ್ಯಾಸ,” ಎಂದಳು ಅತ್ತೆ. ಅವನ ಕಡೆಯವರೆಂದರೆ ಅವಳೇ. ಅದು ಗೊತ್ತಾಗಿ ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮತ್ತೆ ಶುರು. ಈ ಸಲ ಸೊಸೆ ಯಾರೂ ಹೇಳದೆಯೇ ಮೇಜನ್ನು ಗೋಡೆಗೆ ತಳ್ಳಿ, ಕುರ್ಚಿಯಿಂದ ಹಿತ್ತಿಲ ಬಾಗಿಲವರೆಗೆ ಒಬ್ಬರು ನಡೆಯುವಷ್ಟು ದಾರಿ ಬಿಡಿಸಿದಳು. ಲಾಡ್ಜಿನವನಿಗೆ “ಈ ತಿಂಗಳು ಅರ್ಧ ಬಟ್ಟೆ ಬೇರೆ ಕಡೆ ಕೊಡಿ” ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಹೇಳಿದ ಮೇಲೆ ಮಾತು ಹಿಂದಕ್ಕೆ ತಗೊಳ್ಳಲಿಲ್ಲ. ಒಂದು ಸಂಜೆ ಗಂಡ ಡಿಪೋದಿಂದ ಬಸ್ಸಿನ ಹಳೆಯ ಸೀಟೊಂದನ್ನು ಹೆಗಲ ಮೇಲೆ ಹೊತ್ತು ತಂದು ಧೊಪ್ಪೆಂದು ಇಳಿಸಿದ.

“ಅಡುಗೆಮನೆ ಕುರ್ಚೀಲಿ ಕೂತ್ರೆ ಪರೀಕ್ಷೆ ಅಲ್ಲ. ವಿಮಾನದ ಸೀಟು ಹಿಂಗೇ ಇಕ್ಕಟ್ಟು.”

ಅವನು ಒಳಗೆ ಹೋದ ಮೇಲೆ ಸೊಸೆ ಸೀಟನ್ನು ಒತ್ತಿ ನೋಡಿದಳು. ಒಳಗಿನ ಸ್ಪಂಜು ಹೊಚ್ಚ ಹೊಸದು. ಹೊಲಿಗೆ ಬಿಚ್ಚಿ ಯಾರೋ ಕೈಯಿಂದ ಮತ್ತೆ ಹಾಕಿದ್ದರು. ಡ್ರೈವರನ ಹೊಲಿಗೆ, ಒಂದು ಇಲ್ಲಿ, ಒಂದು ಅಲ್ಲಿ. ಅವಳು ಅತ್ತೆಗೆ ಕಣ್ಣಲ್ಲೇ ತೋರಿಸಿದಳು. ಅತ್ತೆ ಕಣ್ಣಲ್ಲೇ ಸುಮ್ಮನಿರು ಎಂದಳು.

ಕೊನೆಗೆ ಆ ದಿನ ಬಂತು. ಚೂಟಿಗೆ ಶಾಲೆಯಿಲ್ಲದ ದಿನವನ್ನೇ ಆರಿಸಿದ್ದರು. ಬೆಳಗ್ಗೆ ಆರಕ್ಕೆ ಗಂಡ ಬುತ್ತಿ ಹಿಡಿದು ಗಾಡಿಗೆ ಹೊರಟ. “ಬಾಗಿಲು ಹಾಕಿ, ಗಾಡಿ ಬಿಟ್ಟಾಯ್ತು,” ಎಂದಳು ಅತ್ತೆ ಸೀಟಿನಿಂದ. ಅವನು ನಗಲಿಲ್ಲ. ಬಾಗಿಲ ಹತ್ತಿರ ಒಮ್ಮೆ ತಿರುಗಿ ನೋಡಿ ಹೋದ.

ಬೆಳಗ್ಗೆಯೆಲ್ಲ ಸಲೀಸು. ಗಂಟೆಗೊಮ್ಮೆ ಅತ್ತೆ ಎದ್ದು, ಸೊಸೆ ಬಿಡಿಸಿದ ದಾರಿಯಲ್ಲಿ ಹಿತ್ತಿಲ ಬಾಗಿಲವರೆಗೆ ಹೋಗಿ, “ಸ್ವಲ್ಪ ಜರುಗಿ” ಎಂದು ಬುಟ್ಟಿಗಳಿಗೆ ಹೇಳುತ್ತ ವಾಪಸು ಬರುತ್ತಿದ್ದಳು. ಪಕ್ಕದ ಬೀದಿಯ ಮೇಷ್ಟ್ರು ಪ್ಯಾಂಟು ಕೇಳಿಕೊಂಡು ಬಂದರು.

“ಏನಮ್ಮ, ನನ್ನ ಪ್ಯಾಂಟು ಆಯ್ತಾ?”

“ನಾನು ಊರಲ್ಲಿಲ್ಲ ಮೇಷ್ಟ್ರೇ,” ಎಂದಳು ಅತ್ತೆ, ಅವರ ಮುಖವನ್ನೇ ನೋಡುತ್ತ. “ಸೊಸೆಯನ್ನ ಕೇಳಿ.”

ಮೇಷ್ಟ್ರು ಸೊಸೆಯನ್ನೇ ಕೇಳಿದರು, ಸೀಟಿನ ಕಡೆ ಮತ್ತೆ ನೋಡಲು ಧೈರ್ಯ ಮಾಡಲಿಲ್ಲ.

ಮಧ್ಯಾಹ್ನ ಚೂಟಿ ತಟ್ಟೆ ತಂದಳು. “ಮೇಡಂ, ನಿಮಗೆ ಕೋಳಿ ಬೇಕಾ, ತರಕಾರಿ ಬೇಕಾ?”

“ಎರಡೂ ತಾ.”

“ಎರಡೂ ಇಲ್ಲ. ಆಲೂಗಡ್ಡೆ ಇದೆ.”

“ಮತ್ತೆ ಕೇಳಿದ್ದು ಯಾಕೆ?”

“ಕೇಳಬೇಕು ಅಜ್ಜಿ. ಅದು ಪದ್ಧತಿ.”

ಮದುವೆಯಾಗಿ ಬಂದಾಗಿನಿಂದ ಅತ್ತೆ ಕೂತು ಉಂಡದ್ದನ್ನು ಸೊಸೆ ನೋಡಿದ್ದು ಅದೇ ಮೊದಲು. ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು, ಅಭ್ಯಾಸವಿಲ್ಲದ ಮಗುವಿನ ಹಾಗೆ ಅನ್ನ ಚೆಲ್ಲಿಕೊಂಡಳು.

ಊಟದ ನಂತರ ದಿನದ ಬಣ್ಣ ಬದಲಾಯಿತು. ಹಿತ್ತಿಲ ಬಾಗಿಲವರೆಗಿನ ದಾರಿ ಪ್ರತಿ ಸಲವೂ ಉದ್ದವಾಗುತ್ತ ಹೋಯಿತು. ಬೆವರಿನ ಸಾಲು ಮೂಡಿತು, ಒರೆಸಿದಷ್ಟೂ ಮೂಡಿತು. ಸೊಸೆ ಇಸ್ತ್ರಿ ಆರಿಸಿ, ನೆಲದ ಮೇಲೆ ಕೂತು ಅತ್ತೆಯ ಎಡಗಾಲನ್ನು ತನ್ನ ತೊಡೆಯ ಮೇಲೆ ತಗೊಂಡು ಹಿಮ್ಮಡಿಯಿಂದ ಮೇಲಕ್ಕೆ ನೀವತೊಡಗಿದಳು. ಬೇರೆ ದಿನವಾಗಿದ್ದರೆ ಅತ್ತೆ ಕಾಲು ಎಳೆದುಕೊಳ್ಳುತ್ತಿದ್ದಳು.

“ಅಲ್ಲಿ ಹೋಗಿ ಏನು ಮಾಡ್ತೀರಿ ಅತ್ತೆ? ದೊಡ್ಡಮ್ಮನಿಗೆ ಕಿವಿ ಕೇಳೋಲ್ವಲ್ಲ.”

“ಕಿವಿಗೆ ತುಟಿ ಹಚ್ಚಿ ಹೇಳಿದ್ರೆ ಕೇಳುತ್ತೆ. ಚಿಕ್ಕಂದಿನಲ್ಲಿ ರಾತ್ರಿ ಹೆದರಿಕೆ ಆದಾಗ ಅವಳು ನನಗೆ ಹಂಗೇ ಹೇಳ್ತಿದ್ಲು. ಸದ್ದಲ್ಲ ಅದು, ಬಿಸಿ.” ಅತ್ತೆ ಉಸಿರು ಎಳೆದುಕೊಂಡಳು. “ಒಂದೇ ಒಂದು ಮಾತು ಹೇಳೋದಿದೆ.”

“ಏನದು?”

“ನಿನಗ್ಯಾಕೆ? ಅವಳ ಕಿವಿಗೆ ಹೇಳೋದು.”

ನಾಲ್ಕು ದಾಟಿದ ಮೇಲೆ ಗಂಡ ಬಂದ. ಖಾಕಿ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ದಾರಿಯುದ್ದಕ್ಕೂ ಜೋರಾಗಿ ಓಡಿಸಿರಬೇಕು, ಬಂದರಿನಿಂದ ಅಷ್ಟು ಬೇಗ ಅವನು ಎಂದೂ ಬಂದವನಲ್ಲ. ಕೈಕಾಲು ತೊಳೆಯಲಿಲ್ಲ, ಚಹಾ ಕೇಳಲಿಲ್ಲ. ಮೇಜಿನ ಕೆಳಗಿನ ಮಣೆ ಎಳೆದು ತಾಯಿಯ ಪಕ್ಕ, ಪಕ್ಕದ ಸೀಟಿನವನ ಹಾಗೆ, ಕೂತ. ಐದು ಹೊಡೆಯಿತು. ಅವಳು ಎದ್ದಳು, ಗೋಡೆ ಹಿಡಿದು ಹೋದಳು. ಎದ್ದು ಹಿಂದೆ ಹೋಗಲು ಹೊರಟ ಅವನನ್ನು ಸೊಸೆ ತೋಳು ಹಿಡಿದು ಕೂರಿಸಿದಳು. ಅತ್ತೆ ವಾಪಸು ಬಂದು ಸೀಟಿಗೆ ಇಳಿದಾಗ ತುಟಿ ರಕ್ತವಿಲ್ಲದ ಹಾಗೆ ಬಿಳಿಚಿತ್ತು. ಒಂದು ಹನಿ ಕಣ್ಣಿನಿಂದ ಜಾರಿತು. ಅದನ್ನು ಅವಳು ಒರೆಸಲೂ ಇಲ್ಲ, ತನ್ನದಲ್ಲವೆಂಬಂತೆ ಬಿಟ್ಟಳು.

ಗಂಡ ಮಣೆಯಿಂದ ಜಾರಿ ನೆಲಕ್ಕೆ ಮೊಣಕಾಲೂರಿದ.

“ಸಾಕಮ್ಮ.”

ಅವಳು ಅವನನ್ನು ನೋಡಿದಳು.

“ಸಾಕು. ಗೆದ್ದೆ ನೀನು. ನಾನು ಫೋನು ಮಾಡಲ್ಲ. ರಜೆ ಹಾಕಿ ನಾನೇ ಬಂದು ವಿಮಾನ ಹತ್ತಿಸ್ತೀನಿ. ಇನ್ನು ಉಳಿದಿರೋದು ಒಂದು ಗಂಟೆ ಚಿಲ್ಲರೆ, ಯಾರು ಕೇಳ್ತಾರೆ ಅದನ್ನ? ನಾನಂತೂ ಕೇಳಲ್ಲ. ನೀನು ಕೂತಿರೋ ಅಷ್ಟು ಹೊತ್ತು ನಾನು ಸ್ಟೇರಿಂಗ್ ಹಿಂದೂ ಕೂತವನಲ್ಲ.” ಅವನು ಎರಡೂ ಕೈ ಚಾಚಿದ, ಸ್ಟೇರಿಂಗ್ ಹಿಡಿದು ಹಿಡಿದು ಗಟ್ಟಿಯಾದ ಅಂಗೈಗಳು ಮೇಲಾಗಿ. “ಏಳು. ಕೈ ಕೊಡು. ನಾನು ಎತ್ತುತ್ತೀನಿ.”

ಸೊಸೆ ಅತ್ತೆಯ ಕಾಲನ್ನು ಮೆಲ್ಲನೆ ನೆಲಕ್ಕಿಳಿಸಿ, ಏಳಲು ಜಾಗ ಬಿ‍ಟ್ಟಳು.

ಅತ್ತೆ ಆ ಕೈಗಳನ್ನು ನೋಡಿದಳು. ಆಮೇಲೆ ತಲೆಯನ್ನು ಸೀಟಿಗೆ ಒರಗಿಸಿ ಮೊಮ್ಮಗಳ ಕಡೆ ತಿರುಗಿದಳು.

“ಚೂಟಿ, ಕೆಳಗೆ ಏನು ಕಾಣ್ತಿದೆ ನೋಡು.”

ಚೂಟಿ ಸೀಟಿನ ಪಕ್ಕ ಬಗ್ಗಿ, ನೆಲವನ್ನು ಎಡಕ್ಕೂ ಬಲಕ್ಕೂ ನೋಡಿದಳು.

“ಸಮುದ್ರ ಅಜ್ಜಿ. ಬರೀ ಸಮುದ್ರ.”

“ಕೇಳಿಸ್ತಾ?” ಎಂದಳು ಅತ್ತೆ ಮಗನಿಗೆ. “ಏಳಲ್ಲ.”